ಕರವಸ್ತ್ರದಲ್ಲಿ ಕೂಡಿದ ಚಂದಾ, ತಲೆಯೆತ್ತಿದ ವಿದ್ಯಾಲಯ



ವಿದ್ಯಾಸಂಸ್ಥೆಯೊಂದನ್ನು ಕಟ್ಟುವ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ, 'ಹಣ ಎಲ್ಲಿಂದ?' ಎಂಬುದು. ಯಾರಾದರೂ ಶ್ರೀಮಂತರು ಮುಂದೆ ಬರಲಿ, ಸರಕಾರ ಕೈಹಿಡಿಯಲಿ ಎಂದು ನಾವು ಕಾಯುತ್ತೇವೆ. ಆದರೆ ಭಾರತೀಯ ಮುಸ್ಲಿಮರ ಎರಡು ಹೆಸರಾಂತ ವಿದ್ಯಾಸಂಸ್ಥೆಗಳ ಚರಿತ್ರೆ ಬೇರೆಯೇ ಪಾಠ ಹೇಳುತ್ತದೆ.

1857ರ ಹೋರಾಟ ಸೋತ ಮೇಲೆ ಮೊಗಲ್ ಆಳ್ವಿಕೆ ಕೊನೆಗೊಂಡಿತು. ನವಾಬರ ಮತ್ತು ಜಹಗೀರುದಾರರ ಆಶ್ರಯದಲ್ಲಿದ್ದ ಹಲವು ಮದ್ರಸಗಳು ಆಸರೆ ಕಳೆದುಕೊಂಡವು. ಇಂಥ ಕಷ್ಟಕಾಲದಲ್ಲಿ, 1866ರ ಮೇ ತಿಂಗಳ ಕೊನೆಯಲ್ಲಿ, ದೇವಬಂದ್ ಎಂಬ ಸಣ್ಣ ಪಟ್ಟಣದ ಛತ್ತಾ ಮಸೀದಿಯ ಅಂಗಳದಲ್ಲಿ, ದಾಳಿಂಬೆ ಮರದ ನೆರಳಲ್ಲಿ ಒಂದು ಮದ್ರಸ ಆರಂಭವಾಯಿತು. ಗುರು ಮುಲ್ಲಾ ಮಹ್ಮೂದ್. ಮೊದಲ ಶಿಷ್ಯ ಮಹ್ಮೂದ್ ಹಸನ್. ಈ ಶಿಷ್ಯನೇ ಮುಂದೆ 'ಶೈಖುಲ್ ಹಿಂದ್' ಎಂದು ಸ್ವಾತಂತ್ರ್ಯ ಚಳವಳಿಯಲ್ಲಿ ಪ್ರಸಿದ್ಧರಾದರು.

ಹಣ ಕೂಡಿಸಲು ಹೊರಟವರು ಹಾಜಿ ಆಬಿದ್ ಹುಸೇನ್. ಅವರು ಕರವಸ್ತ್ರವನ್ನೇ ಚೀಲ ಮಾಡಿ, ಅದರಲ್ಲಿ ಮೊದಲು ತಮ್ಮ ಪಾಲು ಹಾಕಿ, ಬಳಿಕ ಮನೆಮನೆಗೆ ಹೋದರೆಂಬುದು ಅಲ್ಲಿನ ಪರಂಪರೆಯಲ್ಲಿ ಪ್ರಸಿದ್ಧ. ಹಣ ಕೊಡಲಾಗದವರು ವಿದ್ಯಾರ್ಥಿಗಳಿಗೆ ತಮ್ಮ ಮನೆಯಿಂದ ಊಟ ಕೊಟ್ಟರು. ಮದ್ರಸದ ವಾರ್ಷಿಕ ವರದಿಯಲ್ಲಿ ಸಣ್ಣ ಕೊಡುಗೆಗಳೂ ದಾಖಲಾಗುತ್ತಿದ್ದವು. ಸಂಸ್ಥಾಪಕರಲ್ಲಿ ಒಬ್ಬರಾದ ಮೌಲಾನಾ ಮುಹಮ್ಮದ್ ಕಾಸಿಂ ನಾನೌತವಿ ಎಂಟು ನಿಯಮಗಳನ್ನು ಬರೆದಿಟ್ಟರು. ಸರಕಾರ ಮತ್ತು ಸಿರಿವಂತರ ಪಾಲುಗಾರಿಕೆಯಿಂದ ಹಾನಿಯೇ ಹೆಚ್ಚು, ಹೆಸರು ಬಯಸದವರ ಚಂದಾದಲ್ಲಿ ಬರಕತ್ ಹೆಚ್ಚು ಎಂಬುದು ಅವುಗಳ ಸಾರದಲ್ಲೊಂದು.

ಇನ್ನು ಅಲೀಗಢ. ಸರ್ ಸಯ್ಯದ್ ಅಹ್ಮದ್ ಖಾನರ ದಾರಿ ಬೇರೆ. ಅವರಿಗೆ ಇಂಗ್ಲಿಷ್ ಮತ್ತು ಆಧುನಿಕ ವಿಜ್ಞಾನ ಬೇಕಿತ್ತು. ಸರಕಾರದ ನೆರವನ್ನೂ ಅವರು ಬೇಡವೆನ್ನಲಿಲ್ಲ. 1875ರಲ್ಲಿ ಶಾಲೆ ಆರಂಭವಾಯಿತು, 1877ರಲ್ಲಿ ಕಾಲೇಜಿಗೆ ಶಿಲಾನ್ಯಾಸವಾಯಿತು. ಚಂದಾಕ್ಕಾಗಿ ಅವರು ಊರೂರು ಅಲೆದರು, ಲಾಟರಿ ನಡೆಸಿದರು, ವಯಸ್ಸನ್ನೂ ಲೆಕ್ಕಿಸದೆ ರಂಗದ ಮೇಲೂ ನಿಂತರು. ಟೀಕೆ ಬಂತು, ಅವರು ಹಿಂಜರಿಯಲಿಲ್ಲ. ಪಟಿಯಾಲದ ಮಹಾರಾಜರಂಥ ಮುಸ್ಲಿಮೇತರರೂ ಧಾರಾಳವಾಗಿ ಕೊಟ್ಟರು. ದಾನಿಗಳ ಹೆಸರುಗಳು ಇಂದಿಗೂ ಅಲ್ಲಿನ ಕಟ್ಟಡಗಳ ಗೋಡೆಗಳಲ್ಲಿವೆ.

ವಿದ್ಯಾರ್ಥಿ ಮಿತ್ರರೇ, ಮುಂದಿನ ಮಾತು ವಿಶೇಷವಾಗಿ ನಿಮಗೆ. ಕಟ್ಟಡ ಎದ್ದರೂ ಬಡ ಹುಡುಗರು ಶುಲ್ಕ ಕಟ್ಟುವುದು ಹೇಗೆ? 1890ರಲ್ಲಿ ಸಾಹಿಬ್‌ಝಾದಾ ಅಫ್ತಾಬ್ ಅಹ್ಮದ್ ಖಾನರ ಮುಂದಾಳತ್ವದಲ್ಲಿ 'ಅಂಜುಮನ್ ಅಲ್-ಫರ್ಝ್', ಅಂದರೆ ಕರ್ತವ್ಯ ಸಂಘ, ಹುಟ್ಟಿತು. ಅದರ ಸದಸ್ಯರು ರಜೆಯಲ್ಲಿ ಊರುಗಳಿಗೆ ಹೋಗಿ ಬಡ ಸಹಪಾಠಿಗಳ ವಿದ್ಯಾರ್ಥಿವೇತನಕ್ಕೆ ಚಂದಾ ಎತ್ತಿದರು. ಹೆಸರನ್ನು ಗಮನಿಸಿ: ಅದು ದಯೆಯ ಸಂಘವಲ್ಲ, ಕರ್ತವ್ಯದ ಸಂಘ. ಕಾಲೇಜು 1920ರಲ್ಲಿ ವಿಶ್ವವಿದ್ಯಾಲಯವಾಯಿತು; ಅಫ್ತಾಬ್ ಅಹ್ಮದ್ ಖಾನರು ಮುಂದೆ ಅದರ ಕುಲಪತಿಯೂ ಆದರು.

ದೇವಬಂದ್ ಮತ್ತು ಅಲೀಗಢಗಳ ವಿಚಾರ ಬೇರೆ, ಪಠ್ಯ ಬೇರೆ. ಆದರೆ ಎರಡೂ ಕಡೆ ಕೊಡುವವರ ಕೈ ಒಂದಲ್ಲ, ಹಲವು. ಒಬ್ಬನೇ ದಾನಿಯನ್ನು ನಂಬಿದ ಸಂಸ್ಥೆ ಅವನ ಮನಸ್ಸು ಬದಲಾದ ದಿನ ಕುಸಿಯುತ್ತದೆ. ಸಾವಿರ ಮನೆಗಳ ಚಂದಾದಿಂದ ನಡೆಯುವ ಸಂಸ್ಥೆಗೆ ಸಾವಿರ ಮಂದಿ ಕಾವಲುಗಾರರಿರುತ್ತಾರೆ. ಕೊಟ್ಟವನು ಲೆಕ್ಕ ಕೇಳುತ್ತಾನೆ, ಮಗನನ್ನೂ ಮಗಳನ್ನೂ ಅಲ್ಲಿಗೆ ಕಳುಹಿಸುತ್ತಾನೆ.

ಇದು ಹಳೆಯ ಕಥೆಯಷ್ಟೇ ಅಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಬದುಕಿದ ಹರೇಕಳ ಹಾಜಬ್ಬನವರು ಸ್ವತಃ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಮ್ಮ ದುಡಿಮೆಯಲ್ಲಿ ಉಳಿಸಿ, ದಾನಿಗಳ ಬಾಗಿಲಿಗೂ ಕಚೇರಿಗಳಿಗೂ ಅಲೆದು, 2000ದಲ್ಲಿ ತಮ್ಮೂರಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ಝಕಾತ್ ಕೊಡುವ ಶಕ್ತಿ ಎಲ್ಲರಿಗೂ ಇರದು. ಆದರೆ ವಾರಕ್ಕೆ ಎರಡು ಗಂಟೆ ಕಿರಿಯರಿಗೆ ಗಣಿತ ಹೇಳಿಕೊಡಲು, ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡಲು, ಚಂದಾದ ಲೆಕ್ಕ ಬರೆದಿಡಲು ನಿಮ್ಮಿಂದ ಸಾಧ್ಯ. ಕೊಡುವುದು ಸ್ವಲ್ಪವಾದರೂ ತಪ್ಪದೆ ಕೊಡಿ, ಬೇರೆಯವರ ಬಾಗಿಲು ತಟ್ಟುವ ಮೊದಲು ನಿಮ್ಮ ಪಾಲು ಹಾಕಿ. ಕರವಸ್ತ್ರ ಚಿಕ್ಕದೇ ಇರಬಹುದು. ಅದನ್ನು ಹಿಡಿದು ಹೊರಡುವವರು ಬೇಕಾಗಿದ್ದಾರೆ.