ಮೊದಲು ಬಂದ ದನಿ

ಮನೆಯ ಹಜಾರದಲ್ಲಿ ಐದಾರು ಸ್ಪೀಕರುಗಳನ್ನು ಸುತ್ತಲೂ ನಿಲ್ಲಿಸಿ, ತಾನು ಕುಳಿತುಕೊಳ್ಳುವ ಆಸನದಿಂದ ಪ್ರತಿಯೊಂದಕ್ಕೂ ಇರುವ ದೂರವನ್ನು ಟೇಪು ಹಿಡಿದು ಅಳೆದು, ಆ ಅಂಕಿಗಳನ್ನು ರಿಸೀವರಿನಲ್ಲಿ ನಮೂದಿಸಿ, ಬಳಿಕ ಕೈಯಲ್ಲೊಂದು ಶಬ್ದಮಾಪಕವನ್ನು ಹಿಡಿದು ಒಂದೊಂದು ಸ್ಪೀಕರಿನ ಗಟ್ಟಿತನವನ್ನೂ ಸಮಗೊಳಿಸುವ ಗೃಹಸ್ಥನು, ತನ್ನ ಈ ಒಂದು ಸಂಜೆಯ ಕೆಲಸದಲ್ಲಿ ಎರಡು ಬೇರೆ ಬೇರೆ ವಿದ್ಯೆಗಳು ಬಂದು ಕೂಡಿವೆಯೆಂಬುದನ್ನು ಸಾಮಾನ್ಯವಾಗಿ ನೆನೆಯುವುದಿಲ್ಲ. ಮಟ್ಟವನ್ನು ಸರಿಪಡಿಸುವ ವಿದ್ಯೆಯು ಧ್ವನಿವರ್ಧಕದಷ್ಟೇ ಹಳೆಯದು. ದನಿ ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಹೇಳಲು ಪಾಂಡಿತ್ಯ ಬೇಕಿಲ್ಲ. ಕಾಲವನ್ನು ಸರಿಪಡಿಸುವ ವಿದ್ಯೆಯಾದರೋ ತಡವಾಗಿ ಹುಟ್ಟಿದುದು, ಅದೂ ದೋಷವೊಂದನ್ನು ಬೆನ್ನಟ್ಟಿ ಹೋದವರ ಕೈಗೆ ಸಿಕ್ಕಿದುದು.

1933ನೆಯ ಇಸವಿಯ ಏಪ್ರಿಲ್ 27ರಂದು ಫಿಲಡೆಲ್ಫಿಯಾ ನಗರದಲ್ಲಿ ವಾದ್ಯವೃಂದವು ನುಡಿಸುತ್ತಿರಲು, ಅದರ ನಾದವು ಮೂರು ಮೈಕ್ರೊಫೋನುಗಳಿಂದ ಹೊರಟು, ತಂತಿಗಳ ಮೂಲಕ ಹರಿದು, ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲಿನ ವೇದಿಕೆಯ ಮೇಲಿದ್ದ ಮೂರು ಧ್ವನಿವರ್ಧಕಗಳಿಂದ ಹೊಮ್ಮಿತು. ಹಾರ್ವಿ ಫ್ಲೆಚರ್ ಮೊದಲಾದ ಬೆಲ್ ಪ್ರಯೋಗಶಾಲೆಯ ವಿಜ್ಞಾನಿಗಳು ಏರ್ಪಡಿಸಿದ್ದ ಆ ಪ್ರದರ್ಶನದಲ್ಲಿ ಪ್ರಸಿದ್ಧ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿಯವರು ತಮ್ಮ ವೃಂದದ ಮುಂದೆ ನಿಲ್ಲದೆ, ಆ ಹೊಣೆಯನ್ನು ಸಹಾಯಕ ಅಲೆಕ್ಸಾಂಡರ್ ಸ್ಮಾಲೆನ್ಸರಿಗೆ ಒಪ್ಪಿಸಿ, ತಾವು ವಾಷಿಂಗ್ಟನ್ನಿನಲ್ಲಿ ಕುಳಿತು ಗುಂಡಿಗಳನ್ನು ತಿರುಗಿಸುತ್ತ ನಾದವನ್ನು ಏರಿಸಿ ಇಳಿಸಿದರು. ಬಹುವಾಹಿನಿಯ ಧ್ವನಿಯ ಮಟ್ಟವನ್ನು ಕೇಳುಗರ ನಡುವೆಯೇ ಕುಳಿತು ಕೈಯಿಂದ ಹದಗೊಳಿಸಿದವರಲ್ಲಿ ಅವರನ್ನು ಮೊದಲಿಗರೆಂದು ಕರೆಯಲು ನನಗೆ ಸಂಕೋಚವಿಲ್ಲ.

ಕಾಲದ ಸಂಗತಿಯು ಹಾಲಿವುಡ್ಡಿನಲ್ಲಿ ಒಬ್ಬ ನರ್ತಕಿಯ ಪಾದದಿಂದ ಬಯಲಾಯಿತೆಂದು ಆ ಕಸುಬಿನವರು ಹೇಳುತ್ತ ಬಂದಿದ್ದಾರೆ. 1930ರ ದಶಕದ ನಡುಗಾಲದಲ್ಲಿ ಎಂಜಿಎಂ ಸಂಸ್ಥೆಯವರು ಎಲಿನಾರ್ ಪೊವೆಲ್ಲರ ಟ್ಯಾಪ್ ನೃತ್ಯದ ಚಿತ್ರಭಾಗವನ್ನು ಹಾಕಿ ಕೇಳಿದಾಗ, ಬೂಟಿನ ಒಂದೊಂದು ತಟ್ಟಿಗೂ ಎರಡೆರಡು ಸದ್ದು ಕೇಳಿಸಿತಂತೆ. ಚಿತ್ರವನ್ನು ದೂರಿದರು, ಸಭಾಂಗಣದ ಗೋಡೆಯನ್ನು ದೂರಿದರು. ಕೊನೆಗೆ ಜಾನ್ ಹಿಲಿಯರ್ಡ್ ಎಂಬ ತಂತ್ರಜ್ಞರ ದೃಷ್ಟಿ ಧ್ವನಿವರ್ಧಕದ ಮೇಲೆಯೇ ನೆಟ್ಟಿತು. ಮಂದ್ರಧ್ವನಿಯನ್ನು ಹೊರಡಿಸುವ ಕೊಂಬು ಬಹಳ ಉದ್ದವಾದುದರಿಂದ ಅದನ್ನು ಮಡಿಸಿ ಸುತ್ತಿ ಇಟ್ಟಿದ್ದರು. ತಾರಧ್ವನಿಯ ಕೊಂಬು ಗಿಡ್ಡ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು, ಎಂದರೆ ಮಿಲಿಸೆಕೆಂಡಿಗೆ ಒಂದು ಅಡಿಗಿಂತ ತುಸು ಹೆಚ್ಚು ಸಾಗುವುದಷ್ಟೆ. ಒಂದು ಕೊಂಬಿನ ದಾರಿ ಮತ್ತೊಂದಕ್ಕಿಂತ 8 ಅಡಿ ಉದ್ದವಾದರೆ ಅದರ ದನಿ ಸುಮಾರು 7 ಮಿಲಿಸೆಕೆಂಡು ಹಿಂದೆ ಬೀಳುತ್ತದೆ. ಮಾತಿನಲ್ಲಿ ಮರೆಯಾಗಿ ಹೋಗಬಹುದಾಗಿದ್ದ ಈ ಹಿನ್ನಡೆ, ಬೂಟಿನ ಚುರುಕಾದ ತಟ್ಟಿನಲ್ಲಿ ಮರೆಯಾಗಲಿಲ್ಲ. ತರುವಾಯ ಡಗ್ಲಸ್ ಶಿಯರರ್ ಅವರ ವಿಭಾಗವು ಎರಡು ದಾರಿಗಳನ್ನೂ ಸರಿದೂಗಿಸಿ ಕಟ್ಟಿದ ಧ್ವನಿವರ್ಧಕಕ್ಕೆ 1936ನೆಯ ಸಾಲಿನ ಅಕಾಡೆಮಿ ಬಹುಮಾನ ಸಂದಿತು. ಕಾಲವನ್ನು ತಿದ್ದಲು ಆಗ ಯಂತ್ರವೊಂದೂ ಇರಲಿಲ್ಲ. ಕೊಂಬಿನ ಉದ್ದವನ್ನೇ ತಿದ್ದಬೇಕಾಯಿತು.

ಮರದ ಪೆಟ್ಟಿಗೆಯಲ್ಲಿ ಕಂಡ ಈ ವಿಷಯವನ್ನು ಮನುಷ್ಯನ ಕಿವಿಯಲ್ಲಿ ಕಂಡವರು ಜರ್ಮನಿಯ ಗಾಟಿಂಗೆನ್ನಿನ ಹೆಲ್ಮುಟ್ ಹಾಸ್. 1949ರ ತಮ್ಮ ಪ್ರಬಂಧದಲ್ಲಿ ಅವರು ತೋರಿಸಿದುದೇನೆಂದರೆ, ಒಂದೇ ಮಾತು ಎರಡು ದಿಕ್ಕುಗಳಿಂದ ಅಲ್ಪ ಅಂತರದಲ್ಲಿ ಬಂದರೆ ಕಿವಿಯು ಎರಡನ್ನೂ ಬೆಸೆದು ಒಂದೇ ಮಾಡಿಕೊಳ್ಳುತ್ತದೆ, ಮತ್ತು ಮೊದಲು ಬಂದ ದನಿಯ ದಿಕ್ಕನ್ನೇ ಮಾತಿನ ದಿಕ್ಕೆಂದು ಭಾವಿಸುತ್ತದೆ. ಆಮೇಲೆ ಬಂದುದು 10 ಡೆಸಿಬಲ್ಲಿನಷ್ಟು ಗಟ್ಟಿಯಾಗಿದ್ದರೂ, ವಿಳಂಬವು 30 ಮಿಲಿಸೆಕೆಂಡಿನೊಳಗಿದ್ದರೆ, ಅದು ಪ್ರತ್ಯೇಕ ದನಿಯಾಗಿ ಕೇಳಿಸುವುದಿಲ್ಲ. ಗಟ್ಟಿಯಾಗಿ ಕೂಗಿದವನ ಕಡೆಗೇ ಕಿವಿ ಹೊರಳುವುದೆಂಬ ನಮ್ಮೆಲ್ಲರ ನಂಬಿಕೆಯನ್ನು ಇಷ್ಟು ಶಾಂತವಾಗಿ ತಲೆಕೆಳಗು ಮಾಡಿದ ಪ್ರಯೋಗಗಳು ವಿರಳ.

ಆ ತತ್ತ್ವದ ಫಲವನ್ನು ಉಂಡವರಲ್ಲಿ ಮೊದಲ ಸಾಲಿನವರು ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಭಕ್ತರು. ಖಾಲಿಯಿದ್ದಾಗ ಹತ್ತು ಸೆಕೆಂಡಿಗೂ ಮೀರಿ ದನಿ ಮೊಳಗುತ್ತಲೇ ಇರುವ ಆ ಕಟ್ಟಡದಲ್ಲಿ ಉಪದೇಶವು ಹಿಂದಿನ ಸಾಲುಗಳನ್ನು ಮುಟ್ಟುವ ಹೊತ್ತಿಗೆ ಕಲಸಿಹೋಗುತ್ತಿತ್ತು. 1950ರ ದಶಕದ ಆರಂಭದಲ್ಲಿ ಪಾರ್ಕಿನ್ ಮತ್ತು ಟೇಲರ್ ಎಂಬಿಬ್ಬರು ಅಲ್ಲಿ ಕಂಬದಾಕಾರದ ಧ್ವನಿವರ್ಧಕಗಳನ್ನು ನಿಲ್ಲಿಸಿ, ದೂರದ ಕಂಬಗಳಿಗೆ ದನಿಯನ್ನು ತಡೆದು ಕಳುಹಿಸಲು ಕಾಂತಲೇಪದ ಅಂಚುಳ್ಳ ತಿರುಗುವ ಚಕ್ರವೊಂದನ್ನು ಬಳಸಿದರು. ಒಂದು ಮುಖವು ಚಕ್ರದ ಮೇಲೆ ಮಾತನ್ನು ಬರೆಯುವುದು. ಸುತ್ತಲೂ ಅಂತರಂತರದಲ್ಲಿ ನಿಂತ ಬೇರೆ ಮುಖಗಳು ತಮ್ಮ ತಮ್ಮ ಸರದಿಯಲ್ಲಿ ಅದನ್ನು ಓದುವುವು. ಪ್ರವಚನಪೀಠದ ಕಡೆಯ ದನಿಯೇ ಮೊದಲು ಬರುವಂತೆ ವಿಳಂಬವನ್ನು ತುಸು ಹೆಚ್ಚಾಗಿಯೇ ಇಟ್ಟದ್ದರಿಂದ, ಪಕ್ಕದ ಕಂಬವೇ ಮಾತನಾಡುತ್ತಿದ್ದರೂ ಕೇಳುಗನಿಗೆ ಪಾದ್ರಿಯ ಬಾಯಿಂದಲೇ ಮಾತು ಬಂದಂತಾಯಿತು. ಇದೇ ದೇವಾಲಯದ ಪಿಸುಗುಟ್ಟುವ ಗ್ಯಾಲರಿಯನ್ನು 1921ರಲ್ಲಿ ಲಂಡನ್ನಿಗೆ ಹೋಗಿದ್ದ ಸಿ. ವಿ. ರಾಮನ್ ಅವರು ಪರೀಕ್ಷಿಸಿದ್ದರು. ನಮ್ಮ ಬಿಜಾಪುರದ ಗೋಲಗುಮ್ಮಟವೂ ಅವರ ಆ ಕುತೂಹಲದ ಪರಿಧಿಯೊಳಗೆ ಬಂದಿತ್ತೆಂಬುದನ್ನು ಪ್ರಸಂಗವಶಾತ್ ಹೇಳಬೇಕು.

ಮನೆಗೆ ಈ ವಿದ್ಯೆ ಬಂದುದು ಸಿನಿಮಾದ ಬೆನ್ನು ಹಿಡಿದು. 1970ರ ದಶಕದ ಡಾಲ್ಬಿ ಸ್ಟೀರಿಯೊ ವ್ಯವಸ್ಥೆಯಲ್ಲಿ ನಾಲ್ಕು ವಾಹಿನಿಗಳನ್ನು ಎರಡರೊಳಗೆ ಹೆಣೆದಿದ್ದುದರಿಂದ, ಬಿಡಿಸುವಾಗ ತೆರೆಯ ಮೇಲಿನ ಸಂಭಾಷಣೆ ಕೊಂಚ ಹಿಂದಿನ ಸ್ಪೀಕರುಗಳಿಗೂ ಸೋರುತ್ತಿತ್ತು. ಅದನ್ನು ಪೂರ್ತಿ ಅಳಿಸಲು ಹೋಗದೆ, ಹಾಸ್ ಅವರ ತತ್ತ್ವದಂತೆ ಹಿಂದಿನ ದನಿಯನ್ನು ತಡಮಾಡಿ ಮರೆಸಿದರು. 1982ರಲ್ಲಿ ಮನೆಗಳಿಗಾಗಿ ಡಾಲ್ಬಿ ಸರೌಂಡ್, 1987ರಲ್ಲಿ ಪ್ರೊ ಲಾಜಿಕ್ ಬಂದಾಗ ಆ ವಿಳಂಬವನ್ನು ಸುಮಾರು 15ರಿಂದ 30 ಮಿಲಿಸೆಕೆಂಡುಗಳ ನಡುವೆ ಆರಿಸುವ ಭಾರ ಮನೆಯೊಡೆಯನ ಪಾಲಾಯಿತು. ಡಿಜಿಟಲ್ ಕಾಲದಲ್ಲಿ ವಾಹಿನಿಗಳು ಪ್ರತ್ಯೇಕವಾದುದರಿಂದ ಸೋರಿಕೆಯ ಭಯ ಹೋಯಿತು, ದೂರದ ಲೆಕ್ಕ ಮಾತ್ರ ಉಳಿಯಿತು. ಮುಂದಿನ ಸ್ಪೀಕರು 3.4 ಮೀಟರು, ಪಕ್ಕದ್ದು 1.7 ಮೀಟರು ದೂರವಿದ್ದರೆ ಪಕ್ಕದ್ದನ್ನು 5 ಮಿಲಿಸೆಕೆಂಡು ತಡೆಯಬೇಕು; ಅತಿ ದೂರದ್ದಕ್ಕೆ ತಡೆಯೇ ಇಲ್ಲ. ಈ ಭಾಗಾಕಾರದ ತೊಂದರೆಯೇಕೆಂದು ತಯಾರಕರು ಕ್ರಮೇಣ ಅಡಿ, ಮೀಟರುಗಳಲ್ಲೇ ದೂರವನ್ನು ಕೇಳತೊಡಗಿದರು.

ಮಟ್ಟದ ಕಥೆ ಇಷ್ಟು ರಮ್ಯವಲ್ಲ. ಚಿತ್ರಮಂದಿರದಲ್ಲಿ ತೆರೆಯ ಹಿಂದಿನ ಪ್ರತಿ ವಾಹಿನಿಗೂ 85 ಡೆಸಿಬಲ್ ಎಂಬ ನಿಯಮ ನೆಲೆಗೊಂಡಿತು. ಸಣ್ಣ ಕೋಣೆಯಲ್ಲಿ ಅಷ್ಟು ಗಟ್ಟಿಯಾದ ಪರೀಕ್ಷಾಶಬ್ದವನ್ನು ಸಹಿಸಿ ಕೂರುವುದು ಕಷ್ಟವಾದುದರಿಂದ, ಅದನ್ನೇ 10 ಡೆಸಿಬಲ್ ತಗ್ಗಿಸಿ 75ಕ್ಕೆ ಹೊಂದಿಸುವುದು ಮನೆಗಳ ರೂಢಿಯಾಯಿತು. ಅಮೆರಿಕದಲ್ಲಿ ಈ ಕೆಲಸಕ್ಕೆ ರೇಡಿಯೊಶಾಕ್ ಅಂಗಡಿಯ ಮುಳ್ಳಿನ ಮಾಪಕವೇ ಹವ್ಯಾಸಿಗಳ ಆಪ್ತವಾದ ಉಪಕರಣವಾಗಿತ್ತು. ಚಕ್ರವನ್ನು 70ಕ್ಕೆ ತಿರುಗಿಸಿ, ‘ಸಿ’ ತೂಕ ಮತ್ತು ನಿಧಾನದ ಗತಿಯನ್ನು ಆರಿಸಿ, ಕಿವಿಯ ಎತ್ತರದಲ್ಲಿ ಅದರ ಮೂಗನ್ನು ಮಾಡಿನತ್ತ ತಿರುಗಿಸಿ ಹಿಡಿದರೆ, ಮಳೆ ಸುರಿದಂತಹ ಪರೀಕ್ಷಾಶಬ್ದವು ಎಡದಿಂದ ನಡುವಿಗೆ, ನಡುವಿನಿಂದ ಬಲಕ್ಕೆ, ಆಮೇಲೆ ಹಿಂದಕ್ಕೆ ಸರಿಯುತ್ತಿದ್ದಂತೆ, ಮುಳ್ಳು ಪ್ರತಿ ಸಲವೂ ಕೂಡುಗುರುತಿನ ಐದರ ಬಳಿ ನಿಲ್ಲುವವರೆಗೆ ಆಯಾ ವಾಹಿನಿಯನ್ನು ಏರಿಸಿ ಇಳಿಸಬೇಕು. ಮಂದ್ರದ ಸಬ್‌ವೂಫರಿನ ಸರದಿ ಬಂದಾಗ ಮುಳ್ಳು ಒಂದೆಡೆ ನಿಲ್ಲದೆ ತೂಗಾಡುವುದರಿಂದ, ಕಣ್ಣಂದಾಜಿನ ಸರಾಸರಿಯೇ ಗತಿ.

21ನೆಯ ಶತಮಾನದ ಮೊದಲ ದಶಕದಲ್ಲಿ ರಿಸೀವರಿನ ಪೆಟ್ಟಿಗೆಯಲ್ಲೇ ಸಣ್ಣ ಮೈಕ್ರೊಫೋನು ಬರತೊಡಗಿ, ಆಡಿಸಿಯಂತಹ ತಂತ್ರಾಂಶಗಳು ದೂರ, ಮಟ್ಟ ಎರಡನ್ನೂ ಕೆಲವೇ ನಿಮಿಷಗಳಲ್ಲಿ ತಾವೇ ಅಳೆದುಕೊಳ್ಳುವಂತಾಯಿತು. ಆದರೂ ಟೇಪು ಹಿಡಿದು ಬೆಳೆದ ತಲೆಮಾರಿನವರು ಯಂತ್ರದ ಅಂಕಿಗಳನ್ನು ಸಂಶಯಿಸದೆ ಬಿಡಲಿಲ್ಲ. ಮೂರು ಮೀಟರಿನಾಚೆ ಇರುವ ಸಬ್‌ವೂಫರನ್ನು ಅದು ಐದು ಮೀಟರಿನಾಚೆ ಇದೆಯೆಂದು ಹೇಳುವುದನ್ನು ಕಂಡು, ಯಂತ್ರ ತಪ್ಪಿತೆಂದು ನಿರ್ಣಯಿಸಿ, ತಮ್ಮ ಟೇಪಿನ ಅಂಕಿಯನ್ನೇ ತಿದ್ದಿ ಬರೆದರು. ಯಂತ್ರವು ಅಳೆದುದು ದೂರವನ್ನಲ್ಲ, ದನಿ ಬಂದು ಮುಟ್ಟಿದ ಕಾಲವನ್ನು. ಸಬ್‌ವೂಫರಿನೊಳಗಿನ ಶೋಧಕ ಮಂಡಲಗಳು ದನಿಯನ್ನು ಕೆಲವು ಮಿಲಿಸೆಕೆಂಡು ಹಿಡಿದಿಟ್ಟುಕೊಳ್ಳುವುದರಿಂದ, ಪೆಟ್ಟಿಗೆ ಹತ್ತಿರವಿದ್ದರೂ ದನಿ ದೂರದಿಂದ ಬಂದಂತೆಯೇ ತಡವಾಗಿ ಬರುತ್ತದೆ. ತಿದ್ದಿದವರ ಮನೆಗಳಲ್ಲಿ ಮಂದ್ರವು ಮತ್ತೆ ಹಿಂದೆ ಬಿದ್ದಿತು.