ಕಾಳಿ ದಂಡೆಯ ಕಾರ್ಖಾನೆ ಊರು

ಸಾಂಬ್ರಾಣಿಯಂಥ ಹಳಿಯಾಳ ಸೀಮೆಯ ಭತ್ತ, ಕಬ್ಬಿನ ಊರುಗಳಿಗೆ ನೆರೆಯಲ್ಲೇ ಇದ್ದರೂ ದಾಂಡೇಲಿಯ ಸ್ವಭಾವ ಬೇರೆ. ಕಾಳಿ ಹೊಳೆಯ ದಂಡೆಯ ಈ ಪಟ್ಟಣ ದೋಣಿಗಟ್ಟೆಯಿಂದಲೋ ಸಂತೆಯಿಂದಲೋ ಬೆಳೆದದ್ದಲ್ಲ, ಸಂಬಳದಿಂದ ಬೆಳೆದದ್ದು.

ಮೊದಲು ಬಂದದ್ದು ಸಾಗವಾನಿ ವ್ಯವಹಾರ. ಬ್ರಿಟಿಷರ ಕಾಲದಲ್ಲಿ ಕಾಡಿನ ಮರ ಸಾಗಿಸಲೆಂದೇ ಅಳ್ನಾವರದಿಂದ ಇಲ್ಲಿಗೆ ರೈಲು ಹಳಿ ಬಂತು. ಆಮೇಲಿನದು ಬಿದಿರಿನ ಕಾಲ. ಬಂಗೂರ ಕುಟುಂಬದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಸ್ಥಾಪನೆಯಾದಾಗ ಈ ಉತ್ತರ ಕನ್ನಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಕಾಗದ ಹೊರಬರುವ ಹೊತ್ತಿಗೆ ನಾವು ಮೈಸೂರು ರಾಜ್ಯದವರಾಗಿದ್ದೆವು. ಬಿದಿರು, ನೀರು, ರೈಲು ಮೂರೂ ಒಂದೇ ಕಡೆ ಸಿಕ್ಕಿದ್ದವು. ಪ್ಲೈವುಡ್, ಫೆರೋ ಅಲಾಯ್ ಕಾರ್ಖಾನೆಗಳೂ ಜೊತೆಗೂಡಿದವು. ಕೆಲಸ ಹುಡುಕಿ ಬಂದವರು ಮರಾಠಿ, ಕೊಂಕಣಿ, ಉರ್ದು, ತೆಲುಗು, ಹಿಂದಿಯನ್ನೂ ಹೊತ್ತು ತಂದರು. ದಸರೆಗೆ ದಾಂಡೇಲಪ್ಪನ ಜಾತ್ರೆಯೂ ಉಂಟು, ಗಿರಣಿಯವರ ರಾಮಲೀಲೆಯೂ ಉಂಟು. ರಾವಣನನ್ನು ಸುಡುವುದನ್ನೂ ಇಲ್ಲಿ ನೋಡಬಹುದು.

ಜರ್ಮನಿಯ ರೈನ್ ನದಿಯ ದಂಡೆಯಲ್ಲೂ ಹೀಗೆ ಕಾರ್ಖಾನೆಯಿಂದ ಬೆಳೆದ ಊರೊಂದಿದೆ. ಕಾರ್ಲ್ ಲೆವರ್ಕುಸ್ ಎಂಬವರು ವೀಸ್‌ಡಾರ್ಫ್ ಹಳ್ಳಿಯಲ್ಲಿ ಬಣ್ಣದ ಕಾರ್ಖಾನೆ ಹಾಕಿದರು. 1891ರಲ್ಲಿ ಬಾಯರ್ ಕಂಪನಿ ಅದನ್ನು ಕೊಂಡಿತು. 1930ರಲ್ಲಿ ಸುತ್ತಲಿನ ಊರುಗಳು ಸೇರಿ ಲೆವರ್ಕುಸೆನ್ ನಗರವಾದವು. ಕಾರ್ಖಾನೆ ಮೊದಲು, ನಗರ ಆಮೇಲೆ. ದಾಂಡೇಲಿಯಲ್ಲಿ ಮಾಲೀಕರ ಹೆಸರು ಬಂಗೂರನಗರ ಬಡಾವಣೆಗಷ್ಟೇ ನಿಂತಿತು.

ಕಾಳಿ ಹೊಳೆಯ ಪಾಡು ಮಾತ್ರ ಅಷ್ಟು ಸರಳವಲ್ಲ. ಮೇಲ್ಗಡೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದು, ಹಳೆಯ ಸೂಪಾ ಪೇಟೆ ಮುಳುಗಿತು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ಕೆಳಗಡೆ ಬೊಮ್ಮನಹಳ್ಳಿಯಲ್ಲಿ ಮತ್ತೆ ಕಟ್ಟೆ, ಅಲ್ಲಿಂದ ಸುರಂಗದಲ್ಲಿ ನಾಗಝರಿ ವಿದ್ಯುದಾಗಾರಕ್ಕೆ ನೀರು. ನಡುವೆ ಕೂತ ದಾಂಡೇಲಿಗೆ ಬರುವ ನೀರಿನ ಮಟ್ಟವನ್ನು ಬೇಸಿಗೆಯಲ್ಲಿ ನಿರ್ಧರಿಸುವುದು ಮಳೆಯಲ್ಲ, ಸೂಪಾದ ಟರ್ಬೈನು. ಗಿರಣಿ ನೀರೆತ್ತುವುದೂ ಇದೇ ಹೊಳೆಯಿಂದ. ಅದರ ತ್ಯಾಜ್ಯದ ತಕರಾರು ಹಳೆಯದು. ಸಂಬಳ ಕೊಡುವ ಕಾರ್ಖಾನೆಯ ಮೇಲೆ ದೂರು ಹೇಳುವುದು ಇಂಥ ಊರಲ್ಲಿ ಯಾವತ್ತೂ ಅರೆದನಿಯ ಕೆಲಸ.

ಕಾಡಿನ ಬಿದಿರು ಕಡಿಮೆಯಾಗುತ್ತ ಬಂದಂತೆ ಗಿರಣಿ ರೈತರು ಬೆಳೆದ ನೀಲಗಿರಿ, ಗಾಳಿಮರ, ಸುಬಾಬುಲ್ ಕಡೆ ತಿರುಗಿತು. ಉಳಿದ ಕಾಡಿಗೆ ಬೇರೆ ಬೆಲೆ ಬಂತು: 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೆ ಕಾಳಿಯದೇ ಹೆಸರು. ಈಗ ಮಂಗಟ್ಟೆ ಹಕ್ಕಿ ನೋಡಲು, ರಾಫ್ಟಿಂಗ್ ಮಾಡಲು ವಾರಾಂತ್ಯಕ್ಕೆ ಕಾರುಗಳ ಸಾಲು. 1990ರ ದಶಕದಲ್ಲಿ ನಿಂತಿದ್ದ ಪ್ರಯಾಣಿಕರ ರೈಲು 2019ರಲ್ಲಿ ದಾಂಡೇಲಿ ಪಕ್ಕದ ಅಂಬೇವಾಡಿವರೆಗೆ ಮತ್ತೆ ಓಡಿತು. ರಾಫ್ಟಿಂಗಿಗೂ ಸೂಪಾದಿಂದ ನೀರು ಬಿಟ್ಟರಷ್ಟೇ ಹೊಳೆಯಲ್ಲಿ ಸೆಳೆತ. ರೆಸಾರ್ಟಿನವರೂ ಗಿರಣಿಯವರಂತೆ ವಿದ್ಯುತ್ ನಿಗಮದ ಲೆಕ್ಕಾಚಾರವನ್ನೇ ಕಾಯಬೇಕು.