ಕೆಂಪು ಹರಳಿನಿಂದ ಕನ್ನಡ ಅಕ್ಷರದವರೆಗೆ

ಸುವರ್ಣ ಮಹೋತ್ಸವಕ್ಕೆ ಶಾಲೆಯ ಹೆಸರು ಬೆಳಗುವ ಎಲ್‌ಇಡಿ ಫಲಕವನ್ನು ಮನೆಯಲ್ಲೇ ಮಾಡಿಕೊಡುತ್ತೇನೆಂದು ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಒಪ್ಪಿಕೊಂಡೆ. ಸಿದ್ಧ ಫಲಕ ಅಂಗಡಿಯಲ್ಲಿ ಸಿಗುತ್ತದೆ, ನಿಜ. ಆದರೆ ಅದರ ಬೆನ್ನು ಬಿಚ್ಚಿ ನೋಡಲು ಮಕ್ಕಳನ್ನು ಯಾರು ಬಿಡುತ್ತಾರೆ?

ಈ ಪುಟ್ಟ ದೀಪಕ್ಕೂ ಒಂದು ಚರಿತ್ರೆಯಿದೆ. 1907ರಲ್ಲಿ ಇಂಗ್ಲೆಂಡಿನ ಎಚ್. ಜೆ. ರೌಂಡ್ ಎಂಬವರು ಕಾರ್ಬೊರಂಡಮ್ ಹರಳಿನಲ್ಲಿ ವಿದ್ಯುತ್ ಹರಿದಾಗ ಬೆಳಕು ಮೂಡುವುದನ್ನು ಕಂಡು, ಒಂದು ಚಿಕ್ಕ ಟಿಪ್ಪಣಿ ಬರೆದು ಸುಮ್ಮನಾದರು. 1920ರ ದಶಕದಲ್ಲಿ ರಷ್ಯಾದ ಒಲೆಗ್ ಲೋಸೆವ್ ಆ ಬೆಳಕಿನ ಬೆನ್ನು ಹತ್ತಿದರು. ರೇಡಿಯೊ ಪ್ರಯೋಗಾಲಯದ ತಂತ್ರಜ್ಞರಾಗಿದ್ದ ಅವರಿಗೆ ಕಾಲೇಜು ಪದವಿ ಇರಲಿಲ್ಲ. ಇದು ಕಾವಿನಿಂದ ಹುಟ್ಟುವ ಬೆಳಕಲ್ಲ ಎಂದು ಕಂಡುಕೊಂಡು 1927ರಲ್ಲಿ ಲೇಖನ ಪ್ರಕಟಿಸಿದರು. ಅಂದು ಅದರ ಬೆಲೆ ಯಾರಿಗೂ ತಿಳಿಯಲಿಲ್ಲ. 1942ರ ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಅವರು ಹಸಿವಿನಿಂದ ತೀರಿಕೊಂಡಾಗ ವಯಸ್ಸು ಕೇವಲ 38. ವಿಜ್ಞಾನ ಪಾಠದಲ್ಲಿ ನಾವು ಈ ಹೆಸರು ಕೇಳಿರಲೇ ಇಲ್ಲ.

1962ರಲ್ಲಿ ಅಮೆರಿಕದಲ್ಲಿ ಗಣಿ ಕಾರ್ಮಿಕನ ಮಗ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದರು. ಪ್ರಖರ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದಕ್ಕಾಗಿ ಅಕಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು.

ಇನ್ನು ನಮ್ಮ ಫಲಕ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದೆ. ರೆಸಿಸ್ಟರ್ ಹಾಕದೆ ಆತುರಪಟ್ಟು ಮೊದಲ ದಿನವೇ ನಾಲ್ಕು ದೀಪ ಸುಟ್ಟೆ. ಎಂಟು ಸಾಲು, ಎಂಟು ಕಂಬಸಾಲು ಸೇರಿದರೆ 64 ದೀಪ. ಆದರೆ ತಂತಿ 16 ಸಾಕು. ಒಂದು ಹೊತ್ತಿಗೆ ಒಂದೇ ಸಾಲು ಉರಿಯುತ್ತದೆ. ಸರದಿ ಅತಿ ವೇಗವಾಗಿ ಸುತ್ತುವುದರಿಂದ ಎಲ್ಲವೂ ಒಟ್ಟಿಗೆ ಉರಿದಂತೆ ಕಣ್ಣು ನಂಬುತ್ತದೆ.

ಇಂಗ್ಲಿಷ್ ಅಕ್ಷರಕ್ಕೆ ಏಳು ಸಾಲು ಸಾಕು, ಅಚ್ಚೂ ಸಿದ್ಧವಾಗಿ ಸಿಗುತ್ತದೆ. 'ಪ್ರೌಢಶಾಲೆ' ಎಂದು ಬರೆಯಹೋದಾಗ ಪೇಚು ತಿಳಿಯಿತು. 'ಪ್ರೌ' ಅಕ್ಷರಕ್ಕೆ ಮೇಲೊಂದು ಔತ್ವ, ಕೆಳಗೊಂದು ಒತ್ತು. ಎಂಟು ಸಾಲಿನಲ್ಲಿ ಅದು ಬರೀ ಚುಕ್ಕೆಗಳ ಗುಂಪು! ಇಂಗ್ಲಿಷಿನಲ್ಲೇ ಬರೆದುಬಿಡಿ ಎಂದು ಗೆಳೆಯರು ಹೇಳಿದರು. ಮನಸ್ಸು ಒಪ್ಪಲಿಲ್ಲ. ಸಾಲುಗಳನ್ನು ಹದಿನಾರಕ್ಕೆ ಏರಿಸಿದೆ. ಒಂಬತ್ತನೇ ತರಗತಿಯ ಹುಡುಗಿಯರು ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿ ಅಕ್ಷರ ಬರೆದುಕೊಟ್ಟರು. ನಾನು ಬರೆದ 'ಢ'ಕ್ಕೆ ಹೊಟ್ಟೆ ಸೀಳುವುದನ್ನೇ ಮರೆತಿದ್ದೆ; ತಿದ್ದಿದವರೂ ಅವರೇ.

ಫಲಕ ಈಗ ಶಾಲೆಯ ಬಾಗಿಲ ಮೇಲಿದೆ. ಸಮಾರಂಭ ಮುಗಿದ ಮೇಲೆ ವಿಜ್ಞಾನ ಕೊಠಡಿಗೆ ಹೋಗುತ್ತದೆ. ಹಿಂದಿನ ಮುಚ್ಚಳಕ್ಕೆ ಸ್ಕ್ರೂ ಹಾಕಿಲ್ಲ.